ಮಾಲನಬಿ ಆಯಿ ಕೇಳಿದ ಕಾದಂಬರಿಗಳು

ಓದುತ್ತಿದ್ದ ಕಾದಂಬರಿ ಮನಸ್ಸಿಗೆ ಬರದಿದ್ದರೆ ಮಾಲನಬಿ ಆಯಿ ಕುಂತಲ್ಲೇ ತಿರುಗಿ ನನಗೆ ಬೆನ್ನು ಮಾಡುತ್ತಿದ್ದಳು. ಕೈ ಮಾತ್ರ ಒಣದ್ರಾಕ್ಷಿಯ ರಾಶಿಯಲ್ಲಿ ಆಡುತ್ತಲೇ ಇರುತ್ತಿತ್ತು. ಆ ಬೆನ್ನು ಕಂಡಕೂಡಲೇ ನಾನು ಪುಸ್ತಕ ಮುಚ್ಚುತ್ತಿದ್ದೆ. ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಈಚಿನ ಕಾದಂಬರಿಗಳ ಬಗ್ಗೆ ಆಕೆಗಿದ್ದಂಥ ಖಡಕ್ ಅಭಿಪ್ರಾಯ ನನ್ನ ಜೊತೆ ಎಂ.ಎ. ಓದಿದ ಯಾರಿಗೂ ಇರಲಿಲ್ಲ. ನನಗೂ ಇರಲಿಲ್ಲ.

ತಿಕೋಟಾದ ಹೊರಗಿನ ಒಂದು ಶೆಡ್ಡಿನಲ್ಲಿ ಎಂಟು ಮಂದಿ ಹೆಂಗಸರು ಒಣದ್ರಾಕ್ಷಿ ಆರಿಸುತ್ತಿದ್ದರು. ಕಡ್ಡಿ ಕಿತ್ತು, ಕಪ್ಪು ಕಾಳು ಬೇರೆ, ಹಸಿರು ಕಾಳು ಬೇರೆ ಮಾಡಿ ಕ್ರೇಟ್ ತುಂಬುವ ಕೆಲಸ; ಕೂಲಿ ಕ್ರೇಟಿನ ಲೆಕ್ಕದಲ್ಲಿ. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಮಾಲನಬಿ ಆಯಿ; ನಮ್ಮವ್ವನೂ ಅವರಲ್ಲೊಬ್ಬಳು. ವಿಜಯಪುರದ ಕಾಲೇಜಿಗೆ ರಜೆ ಬಿಟ್ಟಾಗ ಒಂಬತ್ತನೆಯವಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ಡಿಗ್ರಿ ಹೇಗೆ ಬಂತು ಎಂಬುದನ್ನೂ ಹೇಳಬೇಕಲ್ಲ.

ಪರೀಕ್ಷೆ ಹತ್ತಿರ ಬಂದರೂ ಕೂಲಿ ತಪ್ಪಿಸುವಂತಿರಲಿಲ್ಲ. ಒಂದು ಮಧ್ಯಾಹ್ನ, ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ನಾನು ಮೂಲೆಯಲ್ಲಿ ಪುಸ್ತಕ ಹಿಡಿದದ್ದನ್ನು ಆಯಿ ನೋಡಿದಳು.

"ಒಬ್ಬಾಕಿನ ಏನ್ ಓದಾಕತ್ತಿ ಬೇ? ಬಾಯಿ ಬಿಟ್ಟ ಓದು, ನಾವೂ ಕೇಳ್ತೀವಿ. ನಿನ್ನ ಕ್ರೇಟ್ ನಾವು ತುಂಬತೀವಿ."

ತಮಾಷೆ ಅಂದುಕೊಂಡೆ. ಆದರೆ ಅಂದಿನಿಂದ ಪ್ರತಿಯೊಬ್ಬಳೂ ತಾನು ಆರಿಸಿದ್ದರಲ್ಲಿ ಒಂದು ಬೊಗಸೆ ನನ್ನ ಕ್ರೇಟಿಗೆ ಹಾಕತೊಡಗಿದಳು. ನಾನು ಕುಂತು ಓದಿದೆ. ಎರಡು ಬೇಸಿಗೆ ಹೀಗೇ ನಡೆಯಿತು.

ಒಂದು ಕಾದಂಬರಿಯಲ್ಲಿ ಕಾಲವೆಲ್ಲ ಹಿಂದುಮುಂದಾಗಿತ್ತು. ತರಗತಿಯಲ್ಲಿ ನಾವೆಲ್ಲ ತಲೆ ಕೆರೆದುಕೊಂಡಿದ್ದೆವು. ಶೆಡ್ಡಿನಲ್ಲಿ ಶಾಂತವ್ವ ಬೈದೇ ಬಿಟ್ಟಳು: "ಸತ್ತಾಂವ ಮತ್ತ ಚಾ ಕುಡಿಯಾಕತ್ತಾನಲ್ಲ! ಪುಸ್ತಕ ಉಲ್ಟಾ ಹಿಡದಿ ಏನ?"

ಆಯಿ ತಲೆ ಎತ್ತಲಿಲ್ಲ. "ಸುಮ್ನಿರ ಬೇ. ನಮ್ಮ ಮನ್ಯಾಗಿನವರು ಹೋಗಿ ಒಂಬತ್ತ ವರ್ಷ ಆತು. ಅವರ ನೆನಪ ಸಾಲಾಗಿ ಬರತಾವೇನ? ಇಂವಾ ಖರೇ ಬರದಾನ. ಓದು."

ಇನ್ನೊಂದರಲ್ಲಿ ಬಡವರೆಲ್ಲ ದೇವರಂಥವರು, ಉಳ್ಳವರೆಲ್ಲ ಕೆಟ್ಟವರು. ಹತ್ತು ಪುಟಕ್ಕೇ ಆಯಿಯ ಬೆನ್ನು ಕಾಣಿಸಿತು. "ಬಡವರೆಲ್ಲಾ ಛಲೋದವ್ರ ಅಂತ! ಬರದಾಂವ ನಮ್ಮ ಶಾಂತವ್ವನ ನೋಡಿಲ್ಲ."

"ನಿನ್ನ ನೋಡಿದ್ರ ಬರಿಯೂದ ಬಿಡತಿದ್ದ," ಅಂದಳು ಶಾಂತವ್ವ. ಶೆಡ್ಡೆಲ್ಲ ನಕ್ಕಿತು.

ಎರಡನೆಯ ಬೇಸಿಗೆಯಲ್ಲಿ ಒಂದು ದೊಡ್ಡ ಹೆಸರಿನ ಕಾದಂಬರಿ ಓದಿದೆ. ಅದರ ನಾಯಕ ಶಹರದ ಮನೆಯೊಂದರಲ್ಲಿ ಕಿಟಕಿಯ ಮುಂದೆ ನಿಂತು, ಬದುಕಿಗೆ ಅರ್ಥವಿಲ್ಲವೆಂದು ಪುಟಗಟ್ಟಲೆ ಯೋಚಿಸುತ್ತಾನೆ. ನನಗೆ ಅದು ಬಹಳ ಹಿಡಿಸಿತ್ತು. ಆಯಿ ತಿರುಗಿ ಕೂಡಲಿಲ್ಲ, ಆದರೆ ಆರಿಸುವ ಕೈ ನಿಂತಿತು.

"ಮೂರ ದಿನದಿಂದ ಕಿಡಕ್ಯಾಗ ನಿಂತಾನ. ಉಂಡಾನೋ ಇಲ್ಲೋ?"

"ಅಡಗಿ ಮಾಡಾಕಿ ತಾಟ ಇಟ್ಟು ಹೋದಳು ಅಂತ ಒಂದ ಕಡೆ ಐತಿ ಆಯಿ."

"ಆಕಿ ಹೆಸರೇನು?"

ಪುಟ ತಿರುವಿದೆ. ಹೆಸರಿರಲಿಲ್ಲ.

"ಆಕಿ ತಾಟ ಇಡಲಿಲ್ಲಂದ್ರ ಇಂವಾ ವಿಚಾರ ಮಾಡತಿದ್ನೇನ? ಹೊಟ್ಟಿ ಹಿಡಕೊಂಡ ಬಜಾರಕ್ಕ ಓಡತಿದ್ದ. ಇಡೀ ಪುಸ್ತಕ ಹೊತ್ತಾಕಿ ಆಕಿ. ಹೆಸರ ಬರಿಯಾಕ ಶಾಯಿ ಕಡಿಮಿ ಬಿತ್ತೇನ?"

ಕಾಲೇಜಿನ ವಿಚಾರ ಸಂಕಿರಣಕ್ಕೆ ನಾನು ಬರೆದದ್ದು ಇದನ್ನೇ. ಆಯಿಯ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸಿದೆ, ಅಷ್ಟೇ. ಓದಿ ಮುಗಿಸಿದಾಗ ನಮ್ಮ ಸರ್ ಎದ್ದು ನಿಂತು ಕೇಳಿದರು: "ಈ ವಿಚಾರ ನಿನ್ನದೇ ಏನಮ್ಮ?"

"ಹೌದ್ರಿ ಸರ್," ಅಂದೆ.

ಯಾಕೆ ಹಾಗಂದೆ? ಮುಂದಿನ ಸಾಲಿನಲ್ಲಿ ಕುಂತವರ ಅಪ್ಪಂದಿರು ವಕೀಲರು, ಮಾಸ್ತರರು. ನನ್ನ ವಿಚಾರ ಶೆಡ್ಡಿನಿಂದ ಬಂದದ್ದು ಅನ್ನಲು ನಾಲಿಗೆ ಏಳಲಿಲ್ಲ. ಲೇಖನ ನನ್ನ ಫೋಟೊ ಸಮೇತ ಕಾಲೇಜಿನ ಪತ್ರಿಕೆಯಲ್ಲಿ ಬಂತು. ಅವ್ವ ಅದನ್ನು ಸೆರಗಿನಲ್ಲಿ ಸುತ್ತಿ ಶೆಡ್ಡಿಗೆ ಒಯ್ದಳು. ಎಲ್ಲರ ಮುಂದೆ ಓದಬೇಕಾಯಿತು. ಅಡುಗೆಯಾಕೆಯ ಮಾತು ಬಂದಲ್ಲಿ ನನ್ನ ದನಿ ತಾನೇ ಇಳಿಯಿತು.

ಆಯಿ ಕೊನೆಯತನಕ ಕೇಳಿದಳು. ಬೆನ್ನು ಮಾಡಲಿಲ್ಲ. ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಛಲೋ ಬರದಿ. ಆದ್ರ ಇದನ್ನ ಬರದಾಕಿ ಎಲ್ಲಿ ಕುಂತ ಓದಿದಳು, ಆಕಿ ಕ್ರೇಟ್ ಯಾರು ತುಂಬಿದರು, ಅದ ಬರಲಿಲ್ಲಲ್ಲ ಬೇ. ನೀನೂ ಆ ಕಿಡಕಿ ಮುಂದ ನಿಂತಿ ಏನ?"

ಸಿಟ್ಟಿರಲಿಲ್ಲ. ಬೇರೆಯವರ ಕಾದಂಬರಿಗೆ ಹೇಳುತ್ತಿದ್ದ ಹಾಗೆಯೇ ಹೇಳಿ, ಮತ್ತೆ ಕಡ್ಡಿ ಕೀಳತೊಡಗಿದಳು.

ಸರ್‌ಗೆ ನಿಜ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟೊತ್ತಿಗೆ ಬಬಲೇಶ್ವರದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಧೈರ್ಯ ಬಂದದ್ದು ಅದರಿಂದಲೇ ಇರಬೇಕು. ಅವರು "ಹಂಗಾದ್ರ ಅದನ್ನ ಮತ್ತೊಮ್ಮೆ ಬರಿ," ಅಂದರು. ಬರೆದೆ. ಮೊದಲ ಸಾಲಿನಲ್ಲೇ ಮಾಲನಬಿ ಅಂತ ಹೆಸರು ಹಾಕಿದೆ. ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಬಸ್ ಹಿಡಿದು ತಿಕೋಟಾಕ್ಕೆ ಹೋದೆ. ಆಯಿ ಕೆಲಸ ಬಿಟ್ಟು ಮನೆಯಲ್ಲೇ ಇದ್ದಳು. ಮೊಣಕಾಲು ಬಾತಿದ್ದವು. ಕಟ್ಟೆಯ ಮೇಲೆ ಕುಂತು ಓದಿ ಹೇಳಿದೆ. ತನ್ನ ಹೆಸರು ಬಂದಾಗ ಸೆರಗು ಸರಿ ಮಾಡಿಕೊಂಡಳು, ಯಾರೋ ಬೀಗರು ಬಂದ ಹಾಗೆ. ಓದು ಮುಗಿದ ಮೇಲೆ ಕೇಳಿದಳು:

"ಬರೇ ನಂದೊಂದ ಹೆಸರ ಹಾಕಿದ್ಯಾ?"

"ಹೂಂ ಆಯಿ. ಮಾತ ನಿಂದಲ್ಲ?"

"ಮಾತ ನಂದ. ಕ್ರೇಟ್ ತುಂಬಿದ್ದು ಎಂಟ ಮಂದಿ. ಇನ್ನೊಮ್ಮಿ ಬರಿವಾಗ ಎಲ್ಲಾರನೂ ಹಾಕು."

ನಕ್ಕು ಚಹಾಕ್ಕೆ ಕೂಗಿದಳು. ಅದೇ ಕೊನೆಯ ಭೇಟಿ. ಆ ಚಳಿಗಾಲದಲ್ಲೇ ಹೋದಳು. ನನಗೆ ತಿಳಿದಾಗ ಮಣ್ಣು ಮುಗಿದಿತ್ತು.

ಈಗ ಇನ್ನೊಮ್ಮೆ ಬರೆಯುತ್ತಿದ್ದೇನೆ. ಮಾಲನಬಿ, ಶಾಂತವ್ವ, ಮಹಾದೇವಿ, ರೇಷ್ಮಾ, ಸುಶೀಲವ್ವ, ಯಲ್ಲವ್ವ, ನಮ್ಮವ್ವ ಕಸ್ತೂರಿ. ಏಳಾಯಿತು. ಎಂಟನೆಯವಳು ಕನಮಡಿಯಿಂದ ಬರುತ್ತಿದ್ದಳು, ಎಡಗೈಲಿ ಆರಿಸುತ್ತಿದ್ದಳು, ಮಾತು ಕಡಿಮೆ. ಹೆಸರು ನೆನಪಾಗುತ್ತಿಲ್ಲ. ಅವ್ವನನ್ನು ಕೇಳಿದೆ. ಶಾಂತವ್ವನಿಗೆ ಫೋನ್ ಹಚ್ಚಿದೆ. "ಎಲ್ಲಾರೂ ಕನಮಡ್ಯಾಕಿ ಅಂತಿದ್ವಿ ಬೇ," ಅಂದಳು ಶಾಂತವ್ವ. "ಹೆಸರ ಹಿಡದ ಕರೀತಿದ್ದಾಕಿ ಮಾಲನಬಿ ಒಬ್ಬಾಕಿನ."