ಅಡುಗೆಮನೆಯಲ್ಲಿ ಕೇಳಬೇಕಾದ ಹಾಡು

೨೦೦೬ರಲ್ಲಿ ನಾನು ನೋಯ್ಡಾದ ಒಂದು ಖಾಸಗಿ ಸ್ಟುಡಿಯೋದಲ್ಲಿ ಚೀಫ್ ಸೌಂಡ್ ಎಂಜಿನಿಯರ್ ಆಗಿದ್ದೆ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಸರ್ಕಾರಿ ರೇಡಿಯೊದಲ್ಲಿ ದುಡಿದವನು. ಅಲ್ಲಿ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು: ಹಮ್ ಇರಕೂಡದು. ಹಮ್ ಎಂದರೆ ಕರೆಂಟಿನ ಗುಂಯ್ ಸದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತನದ್ದು. ಟ್ಯೂಬ್‌ಲೈಟಿನ ಚೋಕು, ಸ್ಟೆಬಿಲೈಸರು, ಫ್ರಿಜ್ಜು ಎಲ್ಲವೂ ಆ ಲೆಕ್ಕಕ್ಕೇ ಕಟ್ಟುಬಿದ್ದು ಹಗಲೂ ರಾತ್ರಿ ಒಂದೇ ಸ್ವರ ಗುನುಗುತ್ತಿರುತ್ತವೆ. ಜನರಿಗೆ ಅದು ಕೇಳಿಸುವುದಿಲ್ಲ. ನನಗೆ ಕೇಳಿಸಿದರೆ ಊಟ ಸೇರುವುದಿಲ್ಲ.

ಆ ಜುಲೈಯಲ್ಲಿ ‘ಸೀಲನ್’ ಎಂಬ ಬ್ಯಾಂಡು ತನ್ನ ಮೊದಲ ಆಲ್ಬಮ್ಮಿಗೆಂದು ನಮ್ಮಲ್ಲಿಗೆ ಬಂತು. ಸೀಲನ್ ಎಂದರೆ ಹಿಂದಿಯಲ್ಲಿ ಗೋಡೆಗೆ ಇಳಿಯುವ ತೇವ. ಇಬ್ಬರದೇ ಬ್ಯಾಂಡು. ಸಿಂಥಸೈಜರ್ ನುಡಿಸುವ ಗುರ್‌ಪ್ರೀತ್, ಹಾಡುವ ಚೈತ್ರಾ. ಚೈತ್ರಾ ನಮ್ಮವಳೇ; ಅವಳಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ದೆಹಲಿಯಲ್ಲೇ ಹುಟ್ಟಿದ ಹುಡುಗಿ, ಕನ್ನಡಕ್ಕೆ ಹಿಂದಿ ಬೆರೆಸಿ ಮಾತಾಡುತ್ತಿದ್ದಳು. ತಮ್ಮದು ಅವಾಂಟ್-ಪಾಪ್ ಎಂದರು. ನೋಡಲು ಮಾಮೂಲಿ ಪಾಪ್ ಹಾಡು, ಒಳಹೊಕ್ಕರೆ ಎಲ್ಲ ತಲೆಕೆಳಗು ಎಂದು ನಾನು ಅರ್ಥ ಮಾಡಿಕೊಂಡೆ. ನನಗೇನೂ ಅದರ ಮೇಲೆ ಪ್ರೀತಿ ಇರಲಿಲ್ಲ.

ಮೊದಲ ದಿನವೇ ಚೈತ್ರಾ ಎರಡು ಮೈಕು ಕೇಳಿದಳು. ಇನ್ನೊಂದು ಯಾರಿಗೆ ಎಂದೆ.

“ಸಂಧ್ಯಕ್ಕನಿಗೆ. ಆನ್ ಮಾಡೋದು ಬೇಡ ಅಂಕಲ್. ಸುಮ್ನೆ ಪಕ್ಕದಲ್ಲಿ ನಿಲ್ಲಿಸಿಡಿ, ಅಷ್ಟೇ, ಬಸ್.”

ಸಂಧ್ಯಾ ಎಂಬುವರು ಆ ದಿನವೂ ಬರಲಿಲ್ಲ, ಮುಂದಿನ ಹನ್ನೊಂದು ದಿನವೂ ಬರಲಿಲ್ಲ. ಆದರೂ ಎರಡನೆಯ ಮೈಕು ಚೈತ್ರಾಳ ಎಡಕ್ಕೆ, ಅವಳ ಬಾಯಿಗಿಂತ ನಾಲ್ಕು ಬೆರಳು ಎತ್ತರದಲ್ಲಿ ನಿಂತಿರಬೇಕಿತ್ತು. ಹಾಡುತ್ತಾ ಹಾಡುತ್ತಾ ಅವಳು ಒಂದು ಸ್ವರವನ್ನು ಹಿಡಿದು, ತಲೆ ಓರೆ ಮಾಡಿ ಎಡಕ್ಕೆ ಕಿವಿಗೊಡುತ್ತಿದ್ದಳು. ಕೆಲವೊಮ್ಮೆ ನಗುತ್ತಿದ್ದಳು. ಗಾಜಿನ ಈಚೆ ಕೂತ ನನ್ನ ಹೆಡ್‌ಫೋನಿನಲ್ಲಿ ಅವಳೊಬ್ಬಳ ದನಿ ಬಿಟ್ಟು ಏನೂ ಇರಲಿಲ್ಲ. ಇರಲಿಲ್ಲ ಎಂದು ಗೊತ್ತಿದ್ದೂ ನಾನು ಆ ಕಡೆ ನೋಡುವುದನ್ನು ಬಿಟ್ಟೆ. ಗುರ್‌ಪ್ರೀತನನ್ನು ಕೇಳಿದರೆ, “ಪೂಛೋ ಮತ್, ಸರ್,” ಕೇಳಬೇಡಿ, ಎಂದು ತನ್ನ ವೈರುಗಳಿಗೆ ತಲೆ ಹಾಕಿದ.

ರೆಕಾರ್ಡಿಂಗ್ ಮುಗಿದ ಮೇಲೆ ಮಾಸ್ಟರಿಂಗ್, ಅಂದರೆ ಸಿಡಿ ಅಚ್ಚಾಗುವ ಮುನ್ನದ ಕೊನೆಯ ಒಪ್ಪ. ಆಗ ಕಂಡಿತು: ಎಂಟೂ ಹಾಡುಗಳ ಶ್ರುತಿ ಮೂವತ್ತೈದು ಸೆಂಟ್ ಮೇಲಿದೆ. ಒಂದು ಸ್ವರಕ್ಕೂ ಅದರ ಪಕ್ಕದ ಸ್ವರಕ್ಕೂ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ಸಿಂಥಸೈಜರಿನ ಗುಂಡಿಯನ್ನು ಯಾರೋ ಅಕಸ್ಮಾತ್ ತಿರುಗಿಸಿರಬೇಕು, ಪಾಪ, ಮಕ್ಕಳು ಎಂದುಕೊಂಡೆ. ಅವರಿಬ್ಬರೂ ಆ ವಾರ ಊರಲ್ಲಿರಲಿಲ್ಲ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ ಇದ್ದವನು ಇಷ್ಟಕ್ಕೆಲ್ಲ ಕೇಳುತ್ತಾ ಕೂರಬೇಕೇ ಎಂಬ ಜಂಬ. ಎಂಟು ಹಾಡುಗಳನ್ನೂ ಮೂವತ್ತೈದು ಸೆಂಟ್ ಇಳಿಸಿ, ಸರಿಯಾದ ಶ್ರುತಿಗೆ ಕೂರಿಸಿ ಕಳಿಸಿಬಿಟ್ಟೆ.

ಸಿಡಿ ಬಂತು. ಕವರಿನ ಮೇಲೆ ಹಾಡುಗಾರರೆಂದು ಎರಡು ಹೆಸರಿದ್ದವು: ಚೈತ್ರಾ, ಸಂಧ್ಯಾ. ಪತ್ರಿಕೆಯೊಂದರ ವಿಮರ್ಶಕರು, ಈ ಹಾಡುಗಳು ಬಾರದೇ ಹೋದ ಯಾರಿಗೋ ಕಾದು ಕೂತಂತಿವೆ ಎಂದು ಬರೆದರು. ಕೊಂಡವರು ಕಡಿಮೆ. ನನ್ನ ಕೆಲಸ ಮಾತ್ರ ಚೊಕ್ಕವಾಗಿದೆ ಎಂದು ಬೀಗಿದ್ದೆ.

ಒಂದು ವಾರದ ಮೇಲೆ ಚೈತ್ರಾ ಒಬ್ಬಳೇ ಬಂದಳು. ಕೂರಲಿಲ್ಲ.

“ಶ್ರುತಿ ನೀವು ಬದಲಾಯಿಸಿದ್ರಾ ಅಂಕಲ್?”

“ತಪ್ಪಿತ್ತಲ್ಲಮ್ಮ, ಸರಿ ಮಾಡಿದೆ.”

“ತಪ್ಪಿರ್ಲಿಲ್ಲ. ಅದು ನಮ್ಮ ಫ್ರಿಜ್ ಶ್ರುತಿ.”

ಫ್ರಿಜ್ಜಿನ ಹಮ್ ಇರುವುದು ತನಗೆ ಹತ್ತಿರದ ಸಂಗೀತದ ಸ್ವರಕ್ಕಿಂತ ಸರಿಯಾಗಿ ಮೂವತ್ತೈದು ಸೆಂಟ್ ಮೇಲೆ. ಜೀವಮಾನವಿಡೀ ಆ ಶತ್ರುವಿನ ಜೊತೆ ಗುದ್ದಾಡಿದವನಿಗೆ ಅದರ ಗುರುತೇ ಸಿಕ್ಕಿರಲಿಲ್ಲ.

ಅವಳು ಹೇಳಿದ್ದು ಇಷ್ಟು. ಚಿಕ್ಕವರಿದ್ದಾಗ ಅಕ್ಕತಂಗಿ ಇಬ್ಬರೂ ಅಡುಗೆಮನೆಯ ಫ್ರಿಜ್ಜಿನ ಪಕ್ಕ ನಿಂತು ಅದರ ಸದ್ದಿಗೆ ಹಾಡುತ್ತಿದ್ದರು. ಒಂಬತ್ತು ವರ್ಷದ ಹಿಂದೆ, ಹದಿನೇಳಕ್ಕೆ, ಜ್ವರ ಬಂದು ಸಂಧ್ಯಾ ತೀರಿಕೊಂಡಳು. ಆಮೇಲೊಂದು ದಿನ ಚೈತ್ರಾ ಒಬ್ಬಳೇ ಅಲ್ಲಿ ನಿಂತು ಹಾಡಿದಾಗ ಪಕ್ಕದಿಂದ ಇನ್ನೊಂದು ದನಿ ಸೇರಿಕೊಂಡಿತು. ಒಲೆಯ ಮುಂದಿದ್ದ ತಾಯಿ ವನಜಮ್ಮನಿಗೂ ಕೇಳಿಸಿತು. ಈಗ ತಂದೆ ನಿವೃತ್ತರಾಗುತ್ತಿದ್ದಾರೆ, ತಿಂಗಳ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ವನಜಮ್ಮ ಮಾತ್ರ ಹೊಸಿಲು ದಾಟಲೊಲ್ಲರು.

“ದೊಡ್ಡವಳನ್ನ ಇಲ್ಲೊಬ್ಬಳೇ ಬಿಟ್ಟು ಬರಲ್ಲ ಅಂತಾಳೆ ಅಮ್ಮ. ಸಿಡಿ ಮಾಡಿಸ್ತೀನಿ, ಯಾವ ಮನೆಗೆ ಹೋದ್ರೂ ಸಂಧ್ಯಕ್ಕ ಜೊತೆಗೆ ಬರ್ತಾಳೆ ಅಂದಿದ್ದೆ. ಮೊನ್ನೆ ಹಾಕಿದೆ. ಪೂರ್ತಿ ಕೇಳಿ, ‘ಅವಳು ಬರಲೇ ಇಲ್ಲವಲ್ಲೇ’ ಅಂದ್ಲು. ಆಗಿಂದ ಮಾತಾಡ್ತಿಲ್ಲ.”

ನನಗೆ ನಾಚಿಕೆಯಾಯಿತು. ಮೂಲ ಶ್ರುತಿಯಲ್ಲಿ ಬೇರೊಂದು ಸಿಡಿ ಮಾಡಿಕೊಂಡು ಮರುದಿನ ಮಧ್ಯಾಹ್ನ ನಾನೇ ಕರೋಲ್ ಬಾಗ್ ಹತ್ತಿರದ ಅವರ ಕ್ವಾರ್ಟರ್ಸಿಗೆ ಹೋದೆ.

ಮನೆ ಅರ್ಧ ಖಾಲಿಯಾಗಿತ್ತು. ಅಡುಗೆಮನೆಯಲ್ಲಿ ದುಂಡು ಮೂಲೆಗಳ ಹಳೆಯ ಫ್ರಿಜ್ಜು, ಪಕ್ಕದ ಮಣೆಯ ಮೇಲೆ ವನಜಮ್ಮ. ನನ್ನನ್ನು ನೋಡಿ ತಲೆಯಾಡಿಸಿದರು, ಅಷ್ಟೆ. ಚೈತ್ರಾ ಪ್ಲೇಯರ್ ಹಚ್ಚಿದಳು. ಮೊದಲ ಸಾಲು ಅವಳೊಬ್ಬಳದೇ. ಎರಡನೆಯ ಸಾಲಿಗೆ, ಫ್ರಿಜ್ಜು ಮತ್ತು ಗೋಡೆಯ ನಡುವಿನ ಸಂದಿನಿಂದ, ಕೆಳದನಿಯಲ್ಲಿ ಇನ್ನೊಬ್ಬಳು ಹಾಡತೊಡಗಿದಳು.

ಇದಕ್ಕೆ ವಿವರಣೆ ಇದೆ. ಎರಡು ಸ್ವರಗಳು ಕೂಡಿದಾಗ ಅವುಗಳ ವ್ಯತ್ಯಾಸದಷ್ಟಿರುವ ಮೂರನೆಯ ಸ್ವರವೊಂದು ನಮ್ಮ ಕಿವಿಯಲ್ಲೇ ಹುಟ್ಟುತ್ತದೆ. ಡಿಫರೆನ್ಸ್ ಟೋನ್ ಎನ್ನುತ್ತಾರೆ. ತರಬೇತಿಯಲ್ಲಿ ನಾನೇ ಅದನ್ನು ಪಾಠ ಮಾಡಿದ್ದೇನೆ. ಆದರೂ ಆ ಮಧ್ಯಾಹ್ನ ನಾನು ಅಡುಗೆಮನೆಯ ಹೊಸಿಲಿನತ್ತ ಒಂದು ಹೆಜ್ಜೆ ಸರಿದೆ. ನಿಜ ಹೇಳುತ್ತೇನೆ, ಹೆದರಿದೆ.

ಮೂರನೆಯ ಹಾಡಿನ ನಡುವೆ, ಎಲ್ಲ ಫ್ರಿಜ್ಜುಗಳಂತೆ ಅದೂ ಕಂಪ್ರೆಸರ್ ನಿಲ್ಲಿಸಿ ಸುಮ್ಮನಾಯಿತು. ಆ ದನಿಯೂ ಅಲ್ಲೇ ನಿಲ್ಲಬೇಕಿತ್ತು. ಅದು ಸಾಲನ್ನು ಮುಗಿಸಿ ನಿಂತಿತು. ಕಿವಿಯ ಭ್ರಮೆ ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ವನಜಮ್ಮ ಎದ್ದು ಫ್ರಿಜ್ಜಿನ ಬಾಗಿಲನ್ನು ಅಗಲಕ್ಕೆ ತೆರೆದು ಹಿಡಿದು ನಿಂತರು. ಒಳಗೆ ಹಾಲಿನ ಪಾತ್ರೆ, ಒಂದಿಷ್ಟು ಕೊತ್ತಂಬರಿ.

“ಹೀಗೆ ತೆಗೆದಿಟ್ರೆ ಸೆಖೆ ತಗುಲಿ ಮತ್ತೆ ಶುರುವಾಗುತ್ತೆ,” ಎಂದರು ನನಗೆ, ಮನೆಗೆ ಬಂದವರಿಗೆ ಎಲ್ಲೆಲ್ಲಿ ಏನೇನಿದೆ ಎಂದು ತೋರಿಸುವಂತೆ. ಒಂಬತ್ತು ವರ್ಷ ಅವರು ಆ ಬಾಗಿಲನ್ನು ಹಾಗೆ ಹಿಡಿದುಕೊಂಡೇ ನಿಂತಿದ್ದರೆಂದು ನನಗೆ ಆಗ ಹೊಳೆಯಿತು.

ನಾವು ಕಾದೆವು. ಫ್ರಿಜ್ಜು ಒಮ್ಮೆ ನಡುಗಿ ಶುರುವಾಯಿತು, ದನಿ ಬಂತು. ವನಜಮ್ಮ ಬಾಗಿಲು ಮುಚ್ಚಿ, ಅದರ ಮೇಲೆ ಅಂಗೈ ಇಟ್ಟು, “ಗಂಟುಮೂಟೆ ಕಟ್ಟಾಯ್ತು ಕಣೇ, ಹೊರಡೋಣ” ಎಂದರು.

ತಿಂಗಳ ಕೊನೆಗೆ ಅವರು ಹೊರಟರು. ಸಿಡಿಯನ್ನು ಮೂಲ ಶ್ರುತಿಯಲ್ಲಿ, ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ಇಟ್ಟು ಕೇಳಿ ಎಂಬ ಸೂಚನೆಯೊಂದಿಗೆ, ಮತ್ತೆ ಅಚ್ಚು ಹಾಕಿಸಿದೆವು. ಆಮೇಲೆ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತಿದ್ದವು: ಎರಡನೆಯ ಹಾಡುಗಾರ್ತಿ ಯಾರು? ಕವರಿನಲ್ಲಿ ಹೆಸರಿದೆ ಎಂದು ಉತ್ತರ ಬರೆದೆ. ಆಮೇಲೆ ನಿವೃತ್ತಿಯವರೆಗೂ, ತಪ್ಪೆಂದು ಕಂಡದ್ದನ್ನು ಮುಟ್ಟುವ ಮುನ್ನ, ಇದು ಹೀಗೆ ಯಾಕಿದೆ ಎಂದು ಅದನ್ನು ಮಾಡಿದವರನ್ನು ಕೇಳದೆ ಇರಲಿಲ್ಲ. ಕೆಲಸ ನನಗೆ ಕಲಿಸಿದ್ದು ಅದೊಂದೇ. ಆ ಸಿಡಿ ನನ್ನ ಬಳಿಯೂ ಇದೆ. ಹೆಂಡತಿ ತೀರಿಹೋದ ಮೇಲೆ ನಮ್ಮ ಅಡುಗೆಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ಜೊಂದೇ; ಅಲ್ಲಿ ಆ ಸಿಡಿ ಹಾಕುವ ಧೈರ್ಯ ನನಗೆ ಇನ್ನೂ ಬಂದಿಲ್ಲ.