ಇಬ್ಬರು ನುಂಗಿದ ಮಾತ್ರೆ

ಮೊದಲು ಬಂದದ್ದು ಕೆಮ್ಮಲ್ಲ. ಸೀಟಿ ಊದಲು ಉಸಿರು ಸಾಲದೆ ಹೋಯಿತು.

ನಾನು ಕಾಪು–ಕಾರ್ಕಳ ಬಸ್ಸಿನ ಕಂಡಕ್ಟರ್. ಉಡುಪಿ, ಮಣಿಪಾಲ, ಹಿರಿಯಡ್ಕ ದಾಟಿ ಕಾರ್ಕಳ, ಅಲ್ಲಿಂದ ವಾಪಸು. ಆರನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನನ್ನ ಬಸ್ಸಿನಿಂದ ಟಿಕೇಟಿಲ್ಲದೆ ಇಳಿದವರಿಲ್ಲ, ನನ್ನ ಸೀಟಿ ಕೇಳದೆ ಆ ಬಸ್ಸು ಒಂದಡಿ ಮುಂದೆ ಹೋದದ್ದಿಲ್ಲ. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಉದ್ಯಾವರದಲ್ಲಿ ಜನ ಹತ್ತಿದ ಮೇಲೆ ಸೀಟಿ ಬಾಯಿಗಿಟ್ಟೆ. ಬರೀ ಗಾಳಿ ಬಂತು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಎಂತ ಮಾರಾಯ, ಬೆಳಿಗ್ಗೆ ಗಂಜಿ ಕುಡಿಯಲಿಲ್ವಾ?" ಎಂದ. ಮುಂದಿನ ಸೀಟಿನವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕದ್ದಕ್ಕೆ ಕೆಮ್ಮು ಬಂತು.

ಆ ಕೆಮ್ಮು ನಿಲ್ಲಲಿಲ್ಲ.

ಎರಡು ತಿಂಗಳು ಕಳೆಯಿತು. ಸಂಜೆಯಾದರೆ ಜ್ವರ. ಅಂಗಿಯ ಕಾಲರ್ ಕುತ್ತಿಗೆಗೆ ದೊಡ್ಡದಾಯಿತು. ಕಾರ್ಕಳದಲ್ಲಿ ಮಧ್ಯಾಹ್ನ ನಮ್ಮ ಬಸ್ಸು ಮುಕ್ಕಾಲು ಗಂಟೆ ನಿಲ್ಲುತ್ತಿತ್ತು. ಒಂದು ದಿನ ಊಟ ಬಿಟ್ಟು ಅಲ್ಲಿಯ ಆಸ್ಪತ್ರೆಗೆ ಹೋದೆ. ಕಫ ಪರೀಕ್ಷೆ ಮಾಡಿದರು, ಎಕ್ಸ್‌-ರೇ ತೆಗೆದರು.

"ಟಿ.ಬಿ.," ಎಂದರು ಡಾಕ್ಟರ್.

ನಮ್ಮ ಕಡೆ ಕ್ಷಯ ಬರುವುದು ಒಬ್ಬ ಮನುಷ್ಯನಿಗಲ್ಲ, ಒಂದು ಮನೆಗೆ. "ಅದು ಕ್ಷಯದ ಮನೆ" ಎಂದು ಒಬ್ಬರು ಹೇಳಿದರೆ ಸಾಕು, ಆ ಅಂಗಳಕ್ಕೆ ಸಂಬಂಧ ಕೇಳಿಕೊಂಡು ಬರುವವರು ನಿಲ್ಲುತ್ತಾರೆ. ಕಾಪುವಿನ ನನ್ನ ಮನೆಯಲ್ಲಿ ಅಮ್ಮ ಇದ್ದರು, ಮದುವೆಯಾಗಬೇಕಾದ ತಂಗಿ ಗುಲಾಬಿ ಇದ್ದಳು.

ನರ್ಸ್ ಉದ್ದದ ರಿಜಿಸ್ಟರ್ ತೆರೆದು ಹೆಸರು, ಊರು ಕೇಳಿದರು. ಊರು ಯಾಕೆ ಎಂದೆ. "ನೀವು ಮಾತ್ರೆಗೆ ಬಾರದಿದ್ದರೆ ನಮ್ಮವರು ಸೈಕಲ್ಲಿನಲ್ಲಿ ಮನೆಗೆ ಬರ್ತಾರೆ. ಮನೆಯವರ ಕಫವನ್ನೂ ನೋಡ್ಬೇಕು," ಎಂದರು.

ನಾನು ಕಾರ್ಕಳದ ಬಸ್ ಶೆಡ್ಡಿನ ವಿಳಾಸ ಕೊಟ್ಟೆ. ಒಬ್ಬನೇ ಇರುವುದು, ಮನೆಯವರು ಯಾರೂ ಇಲ್ಲ ಎಂದೆ. ಬಸ್ಸಿನವನಿಗೆ ದಾರಿಯ ಎರಡೂ ತುದಿಯಲ್ಲಿ ಊರು ಇರುತ್ತದೆ. ಒಂದನ್ನು ರೋಗಕ್ಕೆ ಕೊಟ್ಟೆ, ಇನ್ನೊಂದನ್ನು ಮರ್ಯಾದೆಗೆ ಇಟ್ಟುಕೊಂಡೆ.

ಕೆಲವು ವಾರ ಬಸ್ಸು ಹತ್ತಬೇಡಿ ಎಂದು ಡಾಕ್ಟರ್ ಹೇಳಿದ್ದರು. ಹತ್ತಿದೆ. ಒಂದು ದಿನವೂ ರಜೆ ಮಾಡದವನು ಎಂಬ ಹೆಸರಿತ್ತು ನನಗೆ. ಮಳೆ ಜೋರಾದರೆ ಬಸ್ಸಿನ ಎರಡೂ ಬದಿಯ ಟರ್ಪಾಲು ಇಳಿಸಿ ಕಟ್ಟುತ್ತಿದ್ದೆವು. ಒಳಗೆ ಒದ್ದೆ ಕೊಡೆ, ಒದ್ದೆ ಬಟ್ಟೆ, ಒಬ್ಬರ ಮೂಗಿನ ಗಾಳಿ ಇನ್ನೊಬ್ಬರ ಕುತ್ತಿಗೆಗೆ. ಅದರ ನಡುವೆ ನಾನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಕೆಮ್ಮುತ್ತ ಟಿಕೇಟು ಹರಿದು ಕೊಟ್ಟೆ. ಇಂಜಿನ್ನಿನ ಪಕ್ಕ ಬಾಣಂತಿಯೊಬ್ಬಳು ಕೂತಿರುತ್ತಿದ್ದಳು. ಹಿಂದಿನ ಟೂಲ್ಸ್ ಪೆಟ್ಟಿಗೆಯ ಮೇಲೆ ಕುಳಿತು ಮಣಿಪಾಲಕ್ಕೆ ಹೋಗುವ ಅಜ್ಜನೊಬ್ಬರಿದ್ದರು. ಅವರಿಬ್ಬರ ಮುಖ ಈಗಲೂ ಕಣ್ಣೆದುರು ಬರುತ್ತದೆ. ಊಟಕ್ಕೆ ಕುಳಿತಾಗ ಬರುತ್ತದೆ, ಸ್ನಾನಕ್ಕೆ ನೀರು ಕಾಯಿಸುವಾಗ ಬರುತ್ತದೆ. ಅವರೆಲ್ಲ ಈಗ ಎಲ್ಲಿದ್ದಾರೋ, ಹೇಗಿದ್ದಾರೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಮಧ್ಯಾಹ್ನದ ಆ ಮುಕ್ಕಾಲು ಗಂಟೆಯಲ್ಲಿ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಕೂರಲು ಆಗುತ್ತಿರಲಿಲ್ಲ, ಆದರೆ ಕಂಡಕ್ಟರ್ ಯಾವಾಗ ಕೂತದ್ದುಂಟು? ಕಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು. ಜೊತೆಗೆ ದಿನಾ ಮಾತ್ರೆ, ಒಂದೂವರೆ ವರ್ಷ. ತಿಂಗಳ ಮಾತ್ರೆಯನ್ನು ಡಬ್ಬಿಗೆ ತುಂಬಿ ಟಿಕೇಟಿನ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಗುಲಾಬಿ ಜಗುಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಒಂದು ದಿನ ಮೊರದಿಂದ ತಲೆ ಎತ್ತದೆಯೇ ಕೇಳಿದಳು:

"ಅಣ್ಣ, ನಿನ್ನ ಚೀಲದಲ್ಲಿ ಎಂತದು ಗಲಗಲ ಅನ್ನುವುದು?"

ಹೇಳಿದೆ. ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ.

"ಅಮ್ಮನಿಗೆ ಹೇಳಬೇಡ," ಎಂದೆ.

"ಅಮ್ಮನಿಗೆ ಯಾಕೆ? ಒಂದು ಮೈಕ್ ತಂದುಕೊಡು, ಪೇಟೆಯಲ್ಲಿ ನಿಂತು ಹೇಳ್ತೇನೆ," ಎಂದಳು. ಆಮೇಲೆ ಎದ್ದು ಹೋಗಿ ನನ್ನ ಲೋಟ ತೊಳೆದು ಬೇರೆ ಇಟ್ಟಳು. ಅಮ್ಮ ಕೇಳಿದರೆ, "ಅಣ್ಣನಿಗೆ ಈಗ ದೊಡ್ಡ ಲೋಟವೇ ಬೇಕಂತೆ" ಎಂದು ನಗಿಸಿದಳು.

ನಾಲ್ಕೈದು ತಿಂಗಳಲ್ಲಿ ನಾನು ಚೇತರಿಸಿದೆ. ಆಗ ಅವಳಿಗೆ ಕೆಮ್ಮು ಹಿಡಿಯಿತು. ಬೀಡಿ ಕಟ್ಟುವ ಮನೆಯಲ್ಲಿ ಕೆಮ್ಮಿಗೆ ಯಾರು ಬೆಲೆ ಕೊಡುತ್ತಾರೆ? ಹೊಗೆಸೊಪ್ಪಿನ ಧೂಳು ಎಂದರು ಅಮ್ಮ. ನಾನೂ ಹಾಗೆಯೇ ಅಂದುಕೊಂಡೆ. ಅಂದುಕೊಂಡೆ ಎನ್ನುವುದಕ್ಕಿಂತ, ಹಾಗೆ ಅಂದುಕೊಳ್ಳಲು ಬಯಸಿದೆ.

ಆ ಹೊತ್ತಿಗೆ ಪೆರ್ಡೂರಿನಿಂದ ಸಂಬಂಧ ಬಂತು. ಹುಡುಗ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅವನ ಸೋದರಮಾವ ನೋಡಲು ಬಂದರು. ಅವರು ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತ ನಮ್ಮ ಕುಟುಂಬದ ಹೆಸರು ವಿಚಾರಿಸುತ್ತಿದ್ದಾಗ ನಾನು ನೀರಿಗೆಂದು ಒಳಗೆ ಹೋದೆ. ಗುಲಾಬಿ ಒಲೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣು ಕೆಂಪಾಗಿ ಹೊರಗೆ ಬಂದಿತ್ತು. ಬೆನ್ನು ಅದುರುತ್ತಿತ್ತು. ಸದ್ದಿಲ್ಲ.

ಐದು ನಿಮಿಷದಲ್ಲಿ ಅವಳೇ ನಗುತ್ತ ಕಾಫಿ ತಂದು ಕೊಟ್ಟಳು. ಅವರು ಒಪ್ಪಿದರು. ಬೇಸಗೆಯಲ್ಲಿ ಮದುವೆ ಎಂದಾಯಿತು.

ಮರುದಿನ ನಾನು ಹೇಳಿದೆ, "ನನ್ನ ಜೊತೆ ಕಾರ್ಕಳಕ್ಕೆ ಬಾ."

"ದಿನಾ ಕಾರ್ಕಳಕ್ಕೆ ಎಂತಕ್ಕೆ ಹೋಗುವುದು ಅಂತ ಕೇಳಿದರೆ? ನಿನಗಾದರೆ ಬಸ್ಸು ಉಂಟು. ನನಗೆ ಎಂತ ಉಂಟು?"

ಆಮೇಲಿನ ಮಾತು ನನ್ನದು. ಯಾರ ತಲೆಗೂ ಕಟ್ಟಲಾರೆ.

"ಹಾಗಾದರೆ ನನ್ನದರಲ್ಲೇ ಅರ್ಧ ನಿನಗೆ," ಎಂದೆ.

ಅಪ್ಪ ತೀರಿಕೊಂಡಾಗ ನಾನು ಹನ್ನೆರಡರವನು, ಅವಳು ಐದರವಳು. ಒಂದು ಬಂಗುಡೆ ಮೀನು ಬಂದರೆ ಅಮ್ಮ ಸರಿಯಾಗಿ ನಡುವೆ ಕೊಯ್ಯುತ್ತಿದ್ದರು, ತಲೆಯ ಕಡೆ ಅವಳಿಗೆ, ಬಾಲದ ಕಡೆ ನನಗೆ. ಒಬ್ಬರೇ ತಿನ್ನುವುದು ನಮ್ಮ ಮನೆಯಲ್ಲಿ ಕಳ್ಳತನಕ್ಕೆ ಸಮ. ಪಾಲು ಮಾಡಿಯೇ ಬದುಕಿದವರು ನಾವು. ಹಸಿವು ಹಾಗೆ ಕಲಿಸಿತ್ತು. ರೋಗಕ್ಕೂ ಅದೇ ಲೆಕ್ಕ ಎಂದು ನಂಬಿದೆ.

"ತಲೆಯ ಕಡೆ ಯಾರಿಗೆ?" ಎಂದು ಕೇಳಿದಳು ಗುಲಾಬಿ.

ಒಂದು ದಿನ ನನಗೆ. ಒಂದು ದಿನ ಅವಳಿಗೆ.

ಮೊದಲ ಕೆಲವು ವಾರ ಅವಳ ಜ್ವರ ಇಳಿಯಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಆರನೆಯ ಕ್ಲಾಸು ಓದಿದವನು ಡಾಕ್ಟರರ ಕೆಲಸ ಮಾಡಿಬಿಟ್ಟೆ ಎಂದು ಮನಸ್ಸಿನಲ್ಲೇ ಹೆಮ್ಮೆಪಟ್ಟೆ. ಆಮೇಲೆ ಜ್ವರ ಮತ್ತೆ ಏರಿತು. ಬಳೆ ಮೊಣಕೈಯ ತನಕ ಸರಿಯಿತು. ನನಗೂ ಕೆಮ್ಮು ಮರಳಿತು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಬಳಿ ಅವಳು ಬಗ್ಗಿ ಕೆಮ್ಮಿದಳು.

ರಕ್ತ.

ಪಿತ್ತ ಕೆದರಿದೆ ಎಂದು ಅಮ್ಮನಿಗೆ ಹೇಳಿ, ನಮ್ಮದೇ ಬಸ್ಸಿನಲ್ಲಿ ಅವಳನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ವಾರ್ಡಿನಲ್ಲಿ ಡಾಕ್ಟರ್ ಎಕ್ಸ್‌-ರೇಯನ್ನು ಬೆಳಕಿಗೆ ಹಿಡಿದು ನೋಡಿದರು. "ಮೊದಲು ಟಿ.ಬಿ. ಮಾತ್ರೆ ಏನಾದರೂ ತೆಗೆದುಕೊಂಡಿದ್ದಾರಾ?" ಎಂದು ಕೇಳಿದರು.

"ಇಲ್ಲ," ಎಂದೆ.

ಗುಲಾಬಿ ನನ್ನ ಮುಖ ನೋಡಿದಳು. ಅಣ್ಣನ ಮಾತಿಗೆ ಎದುರು ಮಾತಾಡಲಿಲ್ಲ.

ಆ ಒಂದು 'ಇಲ್ಲ'ದಿಂದ, ಕೆಲಸಕ್ಕೆ ಬಾರದ ಅದೇ ಮಾತ್ರೆಯನ್ನು ಅವಳಿಗೆ ಎರಡು ತಿಂಗಳಿಗೂ ಹೆಚ್ಚು ಕೊಟ್ಟರು. ಅವರ ತಪ್ಪಲ್ಲ. ಕೇಳಿದವರಿಗೆ ನಾನು ಹೇಳಲಿಲ್ಲ. ಬೇಸಗೆ ಬಂತು. ಪೆರ್ಡೂರಿಗೆ ಆಸ್ಪತ್ರೆಯ ಸುದ್ದಿ ಯಾರೋ ಮುಟ್ಟಿಸಿದರು, ಅವರು ಬೇರೆ ಕಡೆ ಹೆಣ್ಣು ನೋಡಿದರು. ಯಾವ ಮರ್ಯಾದೆಗಾಗಿ ಬಚ್ಚಿಟ್ಟೆನೋ ಅದು ಹೋಯಿತು. ಆದರೂ ನಾನು ಬಾಯಿ ಬಿಡಲಿಲ್ಲ. ಸುಳ್ಳಿಗೆ ಕಾರಣ ಹೋದ ಮೇಲೂ ಸುಳ್ಳು ಉಳಿಯುತ್ತದೆ ಎಂಬುದನ್ನು ನಾನು ಅಲ್ಲಿ ಕಂಡೆ.

ಕೊನೆಗೆ ಅವಳೇ ಹೇಳಿದಳು. ಡಾಕ್ಟರ್ ರೌಂಡಿಗೆ ಬಂದಾಗ, ಮಾತು ಮಾತಿಗೂ ಉಸಿರಿಗಾಗಿ ನಿಂತು, "ನಾನೂ ಅಣ್ಣನೂ ಪಾಲು ಮಾಡಿ ತಿಂದೆವು ಡಾಕ್ಟ್ರೇ. ಅಣ್ಣನಿಗೂ ಕೆಮ್ಮು ಉಂಟು. ಅವನನ್ನು ಬಿಡಬೇಡಿ," ಎಂದಳು.

ಡಾಕ್ಟರ್ ನನ್ನನ್ನು ಹೊರಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಅರ್ಧ ಮಾತ್ರೆ ತಿಂದರೆ ಅರ್ಧ ರೋಗ ಹೋಗುವುದಿಲ್ಲ," ಎಂದರು. "ಸಾಯದೆ ಉಳಿದ ಕ್ರಿಮಿ ಮಾತ್ರೆಯನ್ನು ಗುರುತು ಹಿಡಿಯುತ್ತದೆ. ಆಮೇಲೆ ಅದಕ್ಕೆ ಹೆದರುವುದಿಲ್ಲ."

"ಈಗ ಎಂತ ಮಾಡುವುದು?"

"ಹೊಸ ಮಾತ್ರೆ ಕೊಡುವ. ಇಬ್ಬರಿಗೂ. ನಿಮ್ಮ ತಂಗಿಗೆ ಸ್ವಲ್ಪ ತಡವಾಗಿದೆ."

ಆ ಮಾತ್ರೆ ತಿಂದರೆ ಮೂತ್ರ ಕೆಂಪಾಗುತ್ತದೆ. ಹೆದರಬೇಡಿ ಎಂದು ಮೊದಲೇ ಹೇಳಿದ್ದರು. "ಅಣ್ಣ, ನಿನ್ನದೂ ಕೆಂಪಾ?" ಎಂದು ಕೇಳಿ ಗುಲಾಬಿ ನಕ್ಕಳು. ಅವಳ ನಗುವಿಗೆ ಆಗಲೇ ದನಿ ಇರಲಿಲ್ಲ.

ಹೊಸ ಮಾತ್ರೆ ಶುರುಮಾಡಿದ ಹದಿನೇಳನೆಯ ದಿನ, ಬೆಳಿಗ್ಗೆ ಗಂಜಿಯ ಹೊತ್ತಿಗೆ ಅವಳು ತೀರಿಕೊಂಡಳು. ಇಪ್ಪತ್ತಮೂರು ವರ್ಷ.

ನಾನು ಉಳಿದೆ. ಒಂದೇ ಮಾತ್ರೆ ಹಂಚಿಕೊಂಡವರಲ್ಲಿ ಒಬ್ಬ ಯಾಕೆ ಉಳಿದ ಎಂದು ಡಾಕ್ಟರರಲ್ಲಿ ಕೇಳಿದೆ. ನಾನು ಮೊದಲ ತಿಂಗಳುಗಳಲ್ಲಿ ಪೂರ್ತಿ ತಿಂದದ್ದು, ಇಂಜೆಕ್ಷನ್ ಆದದ್ದು ಇರಬಹುದು ಎಂದರು. ಖಂಡಿತವಾಗಿ ಹೇಳಲು ಅವರಿಗೂ ಬರಲಿಲ್ಲ. ವರ್ಷ ಕಳೆದ ಮೇಲೆ ನನ್ನ ಕಫದಲ್ಲಿ ಕ್ರಿಮಿ ಇಲ್ಲ ಎಂದು ಬರೆದುಕೊಟ್ಟರು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಮಣಿಪಾಲದ ಗುಡ್ಡ ಇಳಿದೆ. ಬಸ್ಸು ಹತ್ತಲು ಮನಸ್ಸಾಗಲಿಲ್ಲ, ಉಡುಪಿಯ ತನಕ ನಡೆದೆ. ಯಾರೋ ಹಿಂದೆ ಕೆಮ್ಮಿದ ಹಾಗೆ ಆಗಿ ಮೂರು ಸಲ ತಿರುಗಿ ನೋಡಿದೆ.

ಈಗಲೂ ತಿರುಗಿ ನೋಡುತ್ತೇನೆ.

ಡಾಕ್ಟರ್ ಒಮ್ಮೆ ಹೇಳಿದ್ದರು, ಇದು ನಿಮ್ಮ ಊರಿನ ರೋಗವಲ್ಲ, ಪ್ರಪಂಚದಲ್ಲೆಲ್ಲ ಉಂಟು ಎಂದು. ಗಣಿಯಲ್ಲಿ ಸಾಲಾಗಿ ಮಲಗುವವರಿಗೆ, ಗಿರಣಿಯವರಿಗೆ, ಜೈಲಿನವರಿಗೆ, ಹೋಟೆಲಿನ ಅಟ್ಟದಲ್ಲಿ ಹತ್ತು ಜನ ಒಟ್ಟಿಗೆ ಮಲಗುವವರಿಗೆ. ಹೆಸರು ಗೊತ್ತಿಲ್ಲದ ದೇಶಗಳಲ್ಲಿಯೂ ಯಾವುದೋ ಒಲೆಯ ಹಿಂದೆ ಒಬ್ಬಳು ಸೆರಗು ಕಚ್ಚಿಕೊಂಡು ಕುಳಿತಿರುತ್ತಾಳೆ. ಔಷಧ ಇರುವ ರೋಗ ಇದು. ಔಷಧಕ್ಕೂ ಅವಳಿಗೂ ನಡುವೆ ನಿಂತಿರುವುದು ನನ್ನಂಥವರ ಮರ್ಯಾದೆ, ನೆರೆಕರೆಯವರ ನಾಲಿಗೆ. ಆದ್ದರಿಂದ ನಾನು ಕೇಳಿಕೊಳ್ಳುವುದು ಇಷ್ಟೇ. ಕೆಮ್ಮುವವರ ಹೆಸರು ಬರೆಸಿ, ಸರಿಯಾದ ವಿಳಾಸ ಕೊಡಿ. ಸೈಕಲ್ಲಿನವರು ಮನೆಗೆ ಬಂದರೆ ನೀರು ಬೆಲ್ಲ ಕೊಟ್ಟು ಕೂರಿಸಿ. ಪಕ್ಕದ ಮನೆಗೆ ಅವರು ಬಂದದ್ದು ಕಂಡರೆ ಬಾಯಿ ಮುಚ್ಚಿಕೊಂಡಿರಿ.

ಇಷ್ಟು ಬರೆಯುವ ಧೈರ್ಯ ಬರುವ ಮೊದಲು ಒಂದು ಕೆಲಸ ಬಾಕಿ ಇತ್ತು.

ಅಮ್ಮನಿಗೆ ಮಾತ್ರೆಯ ವಿಷಯ ಗೊತ್ತಿರಲಿಲ್ಲ. ಪೆರ್ಡೂರಿನವರ ದೃಷ್ಟಿ ತಾಗಿ ಮಗಳು ಹೋದಳು ಎಂದೇ ಅವರ ನಂಬಿಕೆ. ದಿನಾ ಆ ಮನೆಯವರಿಗೆ ಶಾಪ ಹಾಕುತ್ತಿದ್ದರು. ಕಳೆದ ಮಳೆಗಾಲ ಮುಗಿಯುವಾಗ ಅಮ್ಮನಿಗೂ ಕೆಮ್ಮು ಶುರುವಾಯಿತು. ಆಸ್ಪತ್ರೆಗೆ ಹೋಗುವ ಎಂದೆ, ಒಂದು ಸಲವಲ್ಲ, ಇಪ್ಪತ್ತು ಸಲ.

"ನನಗೆ ಎಂತ ಆಗುವುದಕ್ಕುಂಟು? ಆ ಆಸ್ಪತ್ರೆಗೆ ಹೋದವಳು ವಾಪಸು ಬಂದಳಾ?" ಎನ್ನುತ್ತಿದ್ದರು.

ಒಂದು ಆದಿತ್ಯವಾರ ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಮತ್ತೆ ಪೆರ್ಡೂರಿನವರನ್ನು ಬೈಯತೊಡಗಿದರು. ನಾನು ಎದುರು ಕುಳಿತೆ.

"ಅವರನ್ನು ಬೈಯಬೇಡಿ ಅಮ್ಮ. ನನ್ನನ್ನು ಬೈಯಿರಿ," ಎಂದೆ. ಎಲ್ಲ ಹೇಳಿದೆ. ಕಾರ್ಕಳದ ವಿಳಾಸ, ಒಂದು ದಿನ ನನಗೆ ಒಂದು ದಿನ ಅವಳಿಗೆ, ಡಾಕ್ಟರರ ಎದುರಿನ ಸುಳ್ಳು.

ಅಮ್ಮನ ಕೈ ಹುಣಸೆಯಲ್ಲೇ ಇತ್ತು. ಒಂದು ಬೀಜ ತೆಗೆದು ಬದಿಗೆ ಹಾಕಿ ಕೇಳಿದರು:

"ನಿನ್ನ ಪಾಲನ್ನೂ ಅವಳಿಗೆ ಕೊಟ್ಟಿದ್ದರೆ ಉಳಿಯುತ್ತಿದ್ದಳಾ?"

ಆ ಪ್ರಶ್ನೆಯನ್ನು ನಾನು ನನಗೇ ಕೇಳದ ದಿನವಿಲ್ಲ. ಬೇರೆಯವರ ಬಾಯಿಯಿಂದ ಕೇಳಿದ್ದು ಅದೇ ಮೊದಲು.

"ಗೊತ್ತಿಲ್ಲ," ಎಂದೆ. "ಅವಳ ಹೆಸರು ಬರೆಸಿದ್ದರೆ ಇಬ್ಬರೂ ಉಳಿಯುತ್ತಿದ್ದೆವು. ನಿಮ್ಮ ಹೆಸರನ್ನಾದರೂ ಬರೆಸುವ."

ಅಮ್ಮ ಒಳಗೆ ಹೋದರು. ಆ ದಿನ ನನಗೆ ಅನ್ನ ಬಡಿಸಲಿಲ್ಲ. ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಕೊಡೆ ಹಿಡಿದು ರಸ್ತೆಯ ಬದಿ ನಿಂತಿದ್ದರು. ನನ್ನ ಜೊತೆ ಬಂದರು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ ಹೆಸರು, ಊರು, ಮನೆಯ ಗುರುತು ಎಲ್ಲ ತಾವೇ ಹೇಳಿದರು. "ಮನೆಯಲ್ಲಿ ಮೊದಲು ಯಾರಿಗಾದರೂ ಇತ್ತಾ?" ಎಂದದ್ದಕ್ಕೆ, "ಇಬ್ಬರು ಮಕ್ಕಳಿಗೆ," ಎಂದರು. ಹಿಂದಿನ ಬೆಂಚಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು.

ಕಫದಲ್ಲಿ ಕ್ರಿಮಿ ಇತ್ತು. ಈಗ ಐದನೆಯ ತಿಂಗಳು. ಜ್ವರ ಬಿಟ್ಟಿದೆ, ಮುಖದಲ್ಲಿ ಸ್ವಲ್ಪ ರಕ್ತ ಬಂದಿದೆ. ಪೂರ್ತಿ ಗುಣವಾಗುತ್ತದೆ ಎಂದು ಡಾಕ್ಟರ್ ಹೇಳುತ್ತಾರೆ. ನಂಬುತ್ತೇನೆ, ಆದರೆ ಜೋರಾಗಿ ನಂಬಲು ಹೆದರಿಕೆ.

ಅಮ್ಮ ನನ್ನೊಡನೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಇನ್ನು ಮುಂದೆ ಮಾತಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಆದರೆ ದಿನಾ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಮೊದಲು ನನ್ನೆದುರು ಬಂದು ನಿಲ್ಲುತ್ತಾರೆ. ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಯುತ್ತಾರೆ. ಆಮೇಲೆ ಒಂದು ಮಾತೂ ಇಲ್ಲದೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸುತ್ತಾರೆ.

ನಾನು ಬಗ್ಗಿ ಸರಿಯಾಗಿ ನೋಡುತ್ತೇನೆ. ಆಮೇಲೆ ಬಸ್ಸಿಗೆ ಹೋಗುತ್ತೇನೆ.