ಒಪ್ಪಿಗೆಗೆ ಕಾದಿದ್ದ ಹಾರ್ಮೋನಿಯಂ

ಬೆಳಿಗ್ಗೆ ಫೋನ್ ಬಂದಾಗ ಬೈದುಬಿಟ್ಟೆ...
"ತಮಾಷೆಗೂ ಒಂದು ಮಿತಿ ಇರ್ಬೇಕು, ಇಡಾ ಫೋನು!"

ತಮಾಷೆಯಾಗಿರಲಿಲ್ಲ.
ನಮ್ಮ ದಿನೇಶಣ್ಣ ಹೋಗಿಬಿಟ್ಟ.
ಹಾರ್ಟ್ ಅಟ್ಯಾಕ್ ಅಂತೆ... ಕಾಫಿ ಲೋಟ ಕೈಯಲ್ಲೇ ಇತ್ತಂತೆ.

ಸಾಗರದ ಆ ಟೈಲರ್ ಅಂಗಡಿ ಮಹಡಿಯ ರೆಕಾರ್ಡಿಂಗ್ ಸ್ಟುಡಿಯೊಗೆ ಬಂದವರಿಗೆಲ್ಲ ಅವನು ಗೊತ್ತು. ನಾನು ಅವನ ಜೊತೆಗೆ ಮಿಕ್ಸಿಂಗ್ ಮಾಡುತ್ತಿದ್ದವನು. ಜಗಳ ಆಡುತ್ತಿದ್ದವನು ಅಂದರೂ ಸರಿಯೇ.

ಜಗಳ ಯಾವುದಕ್ಕೆ ಅಂತೀರಾ?
ಪ್ರೀಸೆಟ್ಟಿಗೆ!
ಒಂದು ವಾದ್ಯದ ದನಿಯನ್ನು ಕಂಪ್ಯೂಟರಿನಲ್ಲಿ ಹದ ಮಾಡಿ, ಹೆಸರಿಟ್ಟು ಸೇವ್ ಮಾಡಿಕೊಳ್ಳುವುದು... ಅಷ್ಟೇ ಕೆಲಸ. ಎಲ್ಲರೂ ನಿಮಿಷದಲ್ಲಿ ಮುಗಿಸುತ್ತಾರೆ.
ಇವನಿಗೆ ಮಾತ್ರ ಎರಡು ಫೋಲ್ಡರ್.
ಒಂದು "ಕೇಳಿಸಬೇಕು".
ಇನ್ನೊಂದು "ಒಪ್ಪಿದ್ದು".
ಆ ವಾದ್ಯವನ್ನು ಬಲ್ಲವರು ಬಂದು ಕೇಳಿ "ಹೌದು, ಇದೇ" ಅನ್ನುವ ತನಕ ಯಾವ ದನಿಯೂ ಎರಡನೇ ಫೋಲ್ಡರಿಗೆ ಹೋಗುವಂತಿರಲಿಲ್ಲ.

ಹೊಸನಗರದ ಡೊಳ್ಳಿನ ಅಜ್ಜ ಒಬ್ಬರು ಹೆಡ್‌ಫೋನ್ ಕಿತ್ತಿಟ್ಟು, "ಚರ್ಮ ಬಿಸ್ಲಿಗೆ ಕಾಯ್ಸದೇ ಬಾರ್ಸಿದೀರಿ, ಇದು ನಮ್ದಲ್ಲ" ಅಂದಿದ್ದರು.
ನಾನು ತಲೆ ಚಚ್ಚಿಕೊಂಡೆ.
ದಿನೇಶಣ್ಣ ಖುಷಿಯಿಂದ ಮೊದಲಿಂದ ರೆಕಾರ್ಡ್ ಮಾಡಿದ!

ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ, ಆಚೆ ದಡದ ಭಜನೆ ಮೇಳಕ್ಕೆ ಅವರದೇ ತಾಳದ ದನಿ ಕೇಳಿಸಲು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದ ಪುಣ್ಯಾತ್ಮ...

"ಕೇಳಿಸಬೇಕು" ಫೋಲ್ಡರಿನಲ್ಲಿ ಕೊನೆಗೆ ಉಳಿದಿದ್ದು ಒಂದೇ ಪ್ರೀಸೆಟ್.
ಹೆಸರು, "ನಂದು".
ಅವನದೇ ಹಾರ್ಮೋನಿಯಂ ಪೆಟ್ಟಿಗೆ.
ಎಡಗಡೆಯ ಕೊನೇ ಕೀ ಒತ್ತಿದರೆ ಗುರ್ ಅನ್ನುತ್ತಿತ್ತು.

"ಆ ಗುರಗುರ ತೆಗಿ ಮಾರಾಯ, ಕ್ಲೀನ್ ಆಗ್ತದೆ" ಅಂದರೆ,
"ತೆಗೆದ್ರೆ ಬೇರೆ ಯಾರದ್ದೋ ಪೆಟ್ಟಿಗೆ ಆಗ್ತದೆ" ಅನ್ನುತ್ತಿದ್ದ.
"ಹಂಗಾದ್ರೆ ಒಪ್ಪಿದ್ದಕ್ಕೆ ಹಾಕು!"
"ನಂದು ನಾನೇ ಒಪ್ಪಿದ್ರೆ ಆತಾ? ನಿನ್ನ ಅತ್ತಿಗೆ ಕೇಳ್ಬೇಕು. ಮದ್ವೆ ಆದಾಗಿಂದ ಅದನ್ನ ಕೇಳಿದ್ದು ಅವ್ಳು."

ಅತ್ತಿಗೆಗೆ ಮಂಡಿನೋವು, ಮಹಡಿ ಹತ್ತಲು ಆಗದು.
ಲ್ಯಾಪ್‌ಟಾಪನ್ನೇ ಮನೆಗೆ ಒಯ್ಯಿ ಅಂದರೆ... ನಾಳೆ, ನಾಡಿದ್ದು.

ಎಂತದಾ ದಿನೇಶಣ್ಣ ಇದು?
ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ರೇಗಿಸಿದರೆ ಕಿವಿ ಕೆಂಪು ಮಾಡಿಕೊಂಡು ನಗುತ್ತಿದ್ದೆಯಲ್ಲ...
"ಅವ್ಳು ಇದಲ್ಲ ಅಂದ್ಬಿಟ್ರೆ ಎಂತ ಮಾಡದಾ" ಅಂದಿದ್ದೆ ನೀನು ಒಂದು ಸಲ.
ಹೊಳೆ ದಾಟಿ ಹೋಗಿ ಯಾರು ಯಾರ ಕೈಲೋ ಬೈಸಿಕೊಂಡವನು ನೀನು.
ಹೆಂಡತಿ ಮುಂದೆ ಅಷ್ಟು ಭಯವಾ, ಅಷ್ಟು ನಾಚಿಕೆಯಾ?
ಸಿಟ್ಟು ಬರ್ತಿದೆ ನಿನ್ನ ಮೇಲೆ.
ಅಳುವೂ ಬರ್ತಿದೆ.

ಮಧ್ಯಾಹ್ನ ಅವನಿಗೆ ಬೆಂಕಿ ಕೊಟ್ಟು ಬಂದೆವು. ಬೆಳಗಿನಿಂದ ಅತ್ತಿಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಜಗಲಿಯಲ್ಲಿ ಕೂತಿದ್ದವರು ನನ್ನನ್ನು ನೋಡಿ ಕೇಳಿದರು...

"ಗಿರಿ, ಅವ್ರ ಪೆಟ್ಟಿಗೆ ದನಿ ನಿಮ್ಮ ಕಂಪ್ಯೂಟ್ರಲ್ಲಿ ಅದೆಯಂತಲ್ಲ... ಒಂಚೂರು ಕೇಳ್ಸ್ತೀಯಾ?"

ಸ್ಟುಡಿಯೊಗೆ ಓಡಿದೆ. ಲ್ಯಾಪ್‌ಟಾಪ್, ಸಣ್ಣ ಕೀಬೋರ್ಡ್ ತಂದೆ.
"ನಂದು" ತೆಗೆದೆ.
ಸ, ರಿ, ಗ... ಅಷ್ಟೇ ನುಡಿಸಿದೆ.
ಅತ್ತಿಗೆ ಕಣ್ಣು ಮುಚ್ಚಿಕೊಂಡರು.
ಇದಲ್ಲ ಅಂದುಬಿಟ್ಟರೆ... ಅವನ ಭಯವೆಲ್ಲ ಈಗ ನನಗೆ.

"ಎಡಗಡೆ ಕೊನೇದು ಒತ್ತು" ಅಂದರು.

ಒತ್ತಿದೆ.
ಗುರ್...

"ಹೂಂ... ಅವ್ರದೇ ಮಾರಾಯ. ಇದು ಅವ್ರದೇ."
ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.
ನಾನೂ ಅತ್ತೆ.

ಅಲ್ಲೇ, ಆ ಜಗಲಿಯಲ್ಲೇ, "ನಂದು" ಅನ್ನೋದನ್ನ "ಒಪ್ಪಿದ್ದು" ಫೋಲ್ಡರಿಗೆ ಹಾಕಿದೆ.

ದಿನೇಶಣ್ಣ... ಕೇಳಿಸ್ತಾ?
ಅತ್ತಿಗೆ ಒಪ್ಪಿದ್ರು.
ಇನ್ನು ಭಯ ಬೇಡ, ನಾಚಿಕೆ ಬೇಡ.
ನಿನ್ನ ಜೀವ ತಣ್ಣಗಿರಲಿ...
ಹೋಗಿ ಬಾ ಅಣ್ಣಾ 🙏